ಖರ್ಚಿಲ್ಲದ ಪುಣ್ಯ

ಭಾನುವಾರದ ಆಟ ಇನ್ನೇನು ಮುಗಿಯಬೇಕು ಎನ್ನುವಾಗ ವೆಂಡೆಲ್ ಕ್ರಾಟ್ಸ್‌ಗೆ ಸೀನು ಬಂತು. ಸೀನುವವನು ಮೂಗಿಗೆ ಕೈ ಒಯ್ಯಬೇಕು, ಕೈ ಒಯ್ಯಬೇಕಾದರೆ ಹಿಡಿದದ್ದನ್ನು ಬಿಡಬೇಕು. ಅವನು ಹಿಡಿದಿದ್ದದ್ದು ಹೆಡ್ ಕೋಚ್ ಗುಂಡರ್ಸನ್ನರ ಸೊಂಟದ ಬೆಲ್ಟನ್ನು.

ಅಮೆರಿಕನ್ ಫುಟ್‌ಬಾಲಿನಲ್ಲಿ ಇದೂ ಒಂದು ಉದ್ಯೋಗವೇ. ಹೆಡ್ ಕೋಚ್ ಆವೇಶದಲ್ಲಿ ಗೆರೆ ದಾಟಿ ಮೈದಾನಕ್ಕೆ ನುಗ್ಗಿದರೆ ತಂಡಕ್ಕೆ ದಂಡ. ಅದಕ್ಕೇ ಒಬ್ಬ ಸಹಾಯಕ ಕೋಚ್ ಹಿಂದಿನಿಂದ ಬೆಲ್ಟ್ ಹಿಡಿದು ನಿಂತಿರುತ್ತಾನೆ, ತುಂಟ ಹೋರಿಯ ಹಗ್ಗ ಹಿಡಿದವನ ಹಾಗೆ. ವೆಂಡೆಲ್‌ನ ಕೈ ತಪ್ಪಿದ್ದೇ ತಡ, ಗುಂಡರ್ಸನ್ನರು ಓಡಿಹೋಗಿ ರೆಫರಿಯ ಹೊಟ್ಟೆಗೆ ಢಿಕ್ಕಿ ಹೊಡೆದರು. ಇಬ್ಬರೂ ಹಿಮದಲ್ಲಿ ತಬ್ಬಿಕೊಂಡು ಉರುಳಿದರು. ದಂಡದ ಲೆಕ್ಕದಲ್ಲಿ ಚೆಂಡು ಹದಿನೈದು ಗಜ ಮುಂದೆ ಬಂತು, ಎದುರಾಳಿಗಳು ಅದನ್ನು ಕಂಬಗಳ ನಡುವೆ ಒದ್ದು ಗೆದ್ದರು. ಟೊಲೆಡೊ ಹೆರನ್ಸ್ ತಂಡದ ಆ ವರ್ಷದ ಕತೆ ಅಲ್ಲಿಗೆ ಮುಗಿಯಿತು.

ಮಾರನೆಯ ದಿನ ಸೋಮವಾರ. ಆಟದ ಋತು ಮುಗಿದ ಮೇಲಿನ ಸೋಮವಾರ ಎಂದರೆ ಈ ವೃತ್ತಿಯವರಿಗೆ ಎದೆ ಢವಢವ. ಸೋತ ಹೆಡ್ ಕೋಚುಗಳ ತಲೆ ಹಾರುವುದು ಅಂದೇ. ದೊಡ್ಡವರು ಬಿದ್ದರೆ ಸಹಾಯಕರೆಲ್ಲ ಜೊತೆಗೇ ಗಂಟುಮೂಟೆ ಕಟ್ಟಬೇಕು. ಹೊಸಬರು ತಮ್ಮ ಪರಿವಾರವನ್ನು ತಾವೇ ತರುತ್ತಾರೆ. ವೆಂಡೆಲ್ ಹೀಗೇ ಊರೂರು ಅಲೆದವನು. ಒಂದೂರಲ್ಲಿ ಆಟಗಾರರ ಟವೆಲ್ ಮಡಿಸಿದ, ಇನ್ನೊಂದೂರಲ್ಲಿ ಎದುರಾಳಿಗಳ ವಿಡಿಯೋ ನೋಡಿ ಕಣ್ಣು ಕೆಡಿಸಿಕೊಂಡ, ಮತ್ತೊಂದೂರಲ್ಲಿ ಸಹಾಯಕನಿಗೆ ಸಹಾಯಕನಾದ. ಒಂದು ಮೆಟ್ಟಿಲು ಹತ್ತುವಷ್ಟರಲ್ಲಿ ಯಾರೋ ಏಣಿಯನ್ನೇ ಎತ್ತಿಕೊಂಡು ಹೋಗಿರುತ್ತಿದ್ದರು.

ಬೆಳಗ್ಗೆ ಕಾಫಿ ಬಗ್ಗಿಸುತ್ತ ಹೆಂಡತಿ ಮಾರ್ವಾ ಮಾತು ತೆಗೆದಳು.

"ಎಂಟು ಮನೆ ಬದಲಾಯಿಸಿದೀನಿ ವೆಂಡೆಲ್, ಒಂದು ದಿನ ತುಟಿ ಬಿಚ್ಚಲಿಲ್ಲ. ಇನ್ನು ನನ್ನ ಕೈಲಾಗಲ್ಲ. ಇಲ್ಲಿ ನಂಗೊಂದು ಕೆಲಸ ಇದೆ, ನಾಲ್ಕು ಜನ ಸ್ನೇಹಿತರಿದಾರೆ. ಹಲ್ಲಿನ ಡಾಕ್ಟರ್ ನನ್ನ ಹೆಸರು ಹಿಡಿದು ಕರೀತಾರೆ. ನೀನು ಬೇಕಾದ್ರೆ ಹೋಗು, ನಾನು ಬರಲ್ಲ."

ಕೂಗಾಡಿದ್ದರೆ ವೆಂಡೆಲ್‌ಗೆ ಅಷ್ಟು ಭಯವಾಗುತ್ತಿರಲಿಲ್ಲ. ಆಕೆ ತಣ್ಣಗೆ ಹೇಳಿದ್ದಳು. ಅವನಿಗೆ ಆಕೆಯೆಂದರೆ ಪ್ರಾಣ. ಏನಾದರೂ ಸರಿ, ಕೆಲಸ ಟೊಲೆಡೊದಲ್ಲೇ ಉಳಿಸಿಕೊಳ್ಳಬೇಕು ಎಂದು ಅವನು ಅಲ್ಲೇ ಶಪಥ ಮಾಡಿದ.

ಅಷ್ಟರಲ್ಲಿ ಎದುರುಮನೆಯ ಡೋರೀನ್ ಬಂದಳು. ಮನೆ ಮಾರಿಸಿಕೊಡುವುದು ಅವಳ ದಂಧೆ. ಒಂದು ಕೈಯಲ್ಲಿ ಅಲ್ಲಿನವರು ಸಾವಿನ ಮನೆಗೆ ತರುವಂಥ ಬೇಯಿಸಿದ ಮೀನಿನ ತಟ್ಟೆ, ಇನ್ನೊಂದು ಕೈಯಲ್ಲಿ 'ಮನೆ ಮಾರಾಟಕ್ಕಿದೆ' ಎಂಬ ಹಲಗೆ. ಯಾರೂ ಕೇಳದಿದ್ದರೂ ಹಲಗೆಯನ್ನು ಅಂಗಳದ ಹಿಮದಲ್ಲಿ ನೆಟ್ಟೂ ಆಯಿತು. ಅವಳ ಹಿಂದೆಯೇ ಪಕ್ಕದ ಮನೆಯ ನಿವೃತ್ತ ಕ್ಯಾಸಿಮಿರ್ ನೊವಿಟ್ಸ್ಕಿ. ದಿನವಿಡೀ ರೇಡಿಯೋಗೆ ಕಿವಿ ಅಂಟಿಸಿಕೊಂಡಿರುವ ಆ ಮುದುಕ, ಸಂಜೆಯೊಳಗೆ ಗುಂಡರ್ಸನ್ ಮನೆಗೆ ಹೋಗುವುದು ಖಂಡಿತ, ಆ ಕುರ್ಚಿಗೆ ಒಮಾಹಾ ತಂಡದ ಕೋಚ್ ಬ್ರೆಂಟ್ ಸ್ಟಾಲ್ನೆಕರ್ ಬರುವುದೂ ಖಂಡಿತ ಎಂದು ಸುದ್ದಿ ಬಿತ್ತಿದ.

ಸ್ಟಾಲ್ನೆಕರ್! ಕಾಲೇಜಿನಲ್ಲಿ ವೆಂಡೆಲ್‌ನ ಜೊತೆ ಒಂದೇ ಕೋಣೆಯಲ್ಲಿದ್ದವನು. ವೆಂಡೆಲ್ ಗ್ಯಾರೇಜಿಗೆ ಓಡಿ, ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡು ಫೋನ್ ಮಾಡಿದ.

"ನೀನಿಲ್ದೆ ನಾನೆಲ್ಲಿ ಹೋಗ್ಲಿ ಮಾರಾಯ," ಎಂದ ಸ್ಟಾಲ್ನೆಕರ್. "ನಾನಿದ್ದಲ್ಲಿ ನೀನು. ಆದ್ರೆ ಈಗ್ಲೇ ಸಹಿ ಹಾಕು. ಮಧ್ಯಾಹ್ನದ ಹೊತ್ತಿಗೆ ಜನ ಮುಗಿಬೀಳ್ತಾರೆ."

ವೆಂಡೆಲ್‌ನ ಹಳೆಯ ಒಪ್ಪಂದ ನಿನ್ನೆಯ ಆಟದೊಂದಿಗೇ ಮುಗಿದಿತ್ತು, ತಡೆಯುವವರಿರಲಿಲ್ಲ. ಫೋನಿನ ಮೇಲೇ ಬೆರಳಾಡಿಸಿ ಸಹಿ ಹಾಕಿದ: ಸ್ಟಾಲ್ನೆಕರ್ ಈಗ ಯಾವ ತಂಡಕ್ಕೆ ಹೋದರೂ, ಅಲ್ಲಿ ಅವನಿರುವ ತನಕ, ಎರಡು ವರ್ಷ ಅವನ ಜೊತೆ. ಊರಿನ ಹೆಸರು ಅದರಲ್ಲಿರಲಿಲ್ಲ, ಇವನು ಕೇಳಲೂ ಇಲ್ಲ. ಕೂತವರು ಏಳುವ ಮೊದಲೇ ಕುರ್ಚಿಯ ಹೆಸರೆತ್ತುವುದು ಈ ವೃತ್ತಿಯಲ್ಲಿ ಮರ್ಯಾದೆಯಲ್ಲ. ಒಳಗೆ ಬಂದು, ನಾವು ಎಲ್ಲಿಗೂ ಹೋಗುತ್ತಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟು, ಶಿಳ್ಳೆ ಹಾಕುತ್ತ ಆಫೀಸಿಗೆ ಹೊರಟ.

ಆಫೀಸಿನಲ್ಲಿ ಸಹಾಯಕರೆಲ್ಲ ಗುಟ್ಟಾಗಿ ಕೆಲಸ ಹುಡುಕುತ್ತಿದ್ದರು. ಒಬ್ಬ ಮೇಜಿನ ಕೆಳಗೆ ತೂರಿ ಫೋನ್ ಹಚ್ಚಿದ್ದ. ಇನ್ನೊಬ್ಬ ಆಟಗಾರರ ಮಂಜುಗಡ್ಡೆಯ ತೊಟ್ಟಿಯಲ್ಲಿ ಅಡಗಿ, ಹಲ್ಲು ಕಟಕಟಿಸುತ್ತ ತನ್ನ ಅನುಭವ ವಿವರಿಸುತ್ತಿದ್ದ. ತಂಡದ ಒಡತಿ ಯೂಡೋರಾ ಪ್ರೂಯಿಟ್, ತೀರಿಕೊಂಡ ಗಂಡ ಬಿಟ್ಟುಹೋದ ಉಪ್ಪಿನಕಾಯಿ ಕಾರ್ಖಾನೆಯ ದುಡ್ಡಲ್ಲಿ ತಂಡ ಸಾಕುತ್ತಿದ್ದ ಮುದುಕಿ, ಒಬ್ಬೊಬ್ಬರನ್ನೇ ಒಳಗೆ ಕರೆಸಿ ಗುಂಡರ್ಸನ್ನರನ್ನು ಇಟ್ಟುಕೊಳ್ಳಲೋ ಬೇಡವೋ ಎಂದು ಕೇಳುತ್ತಿದ್ದಳು. ಎಲ್ಲರೂ ಬೆವರೊರೆಸಿಕೊಂಡು ಕೋಚನ್ನು ಹೊಗಳಿ ಬಂದಿದ್ದರು. ತಮ್ಮ ಹೊಟ್ಟೆಪಾಡಿಗೆ ಹೊಗಳುತ್ತಿದ್ದಾರೆಂದು ಅವಳು ಒಬ್ಬರನ್ನೂ ನಂಬಿರಲಿಲ್ಲ.

ವೆಂಡೆಲ್‌ನ ಸರದಿ ಬಂತು. ಅವನ ಜೇಬಿನಲ್ಲಿ ಮುಂದಿನ ಕೆಲಸ ಬೆಚ್ಚಗಿತ್ತು. ಗುಂಡರ್ಸನ್ನರ ಬಗ್ಗೆ ಅವನಿಗೆ ಪಾಪ ಎನಿಸಿತು. ಹೇಗೂ ಹೋಗುವ ಮನುಷ್ಯ, ನಾಲ್ಕು ಒಳ್ಳೆಯ ಮಾತು ಹೇಳಿದರೆ ಗಂಟೇನು ಹೋಗುತ್ತದೆ? ಇಂಥ ಖರ್ಚಿಲ್ಲದ ಪುಣ್ಯ ದಿನಾ ಸಿಗುವುದಿಲ್ಲ.

"ಮೇಡಂ, ತಪ್ಪು ಅವರದ್ದಲ್ಲ. ಬೆಲ್ಟ್ ಬಿಟ್ಟವನು ನಾನು," ಎಂದ.

ಅವಳು ಕೈಯಲ್ಲಿದ್ದ ಇಡೀ ಸೌತೆಯ ಉಪ್ಪಿನಕಾಯಿ ಕಡಿಯುವುದನ್ನು ನಿಲ್ಲಿಸಿದಳು. "ಇದನ್ನ ನನ್ನೆದುರು ಹೇಳಿದ್ರೆ ನಿನ್ನ ಕೆಲಸಕ್ಕೇ ಸಂಚಕಾರ ಅಂತ ಗೊತ್ತಾ?"

"ಗೊತ್ತು ಮೇಡಂ. ನಾನೆಲ್ಲಾದ್ರೂ ಬದುಕ್ಕೋತೀನಿ. ಅವರಂಥ ಕೋಚ್ ನಿಮಗೆ ಸಿಗಲ್ಲ."

ಮುದುಕಿಯ ಕಣ್ಣು ತುಂಬಿತು. ಬೆಳಗ್ಗಿನಿಂದ ಈ ಕೋಣೆಗೆ ಬಂದ ಮೊದಲ ಮನುಷ್ಯ ನೀನೇ ಎಂದು ಹೇಳಿ ಅವನ ಕೈ ಹಿಡಿದುಕೊಂಡಳು. ತನ್ನ ದೊಡ್ಡತನಕ್ಕೆ ತಾನೇ ಮಾರುಹೋಗಿ ವೆಂಡೆಲ್ ಅವಳ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದ.

ಸ್ವಲ್ಪ ಹೊತ್ತಿಗೇ ಹೊರಗೆ ಕೂಗು, ಕುಣಿತ ಕೇಳಿಸಿತು. ಗುಂಡರ್ಸನ್ನರು ಉಳಿದಿದ್ದರು, ಅವರ ಸಹಾಯಕರೂ ಉಳಿದಿದ್ದರು. ತೊಟ್ಟಿಯಲ್ಲಿದ್ದವನು ಎದ್ದು ಬಂದು ವೆಂಡೆಲ್‌ನನ್ನು ಒದ್ದೆ ಮೈಯಲ್ಲೇ ಅಪ್ಪಿಕೊಂಡ. ಚಳಿ ಹತ್ತಿದ್ದು ಅದರಿಂದಲೋ ಬೇರೆಯದರಿಂದಲೋ ವೆಂಡೆಲ್‌ಗೆ ತಿಳಿಯಲಿಲ್ಲ. ಅದೇ ಹೊತ್ತಿಗೆ ಫೋನ್ ಬಂತು.

"ಟೊಲೆಡೊ ಕೈತಪ್ಪಿತು ಮಾರಾಯ," ಎಂದ ಸ್ಟಾಲ್ನೆಕರ್. "ಯಾವನೋ ಪುಣ್ಯಾತ್ಮ ಒಳಗೆ ಹೋಗಿ ಮುದುಕಿ ಮನಸ್ಸು ಕರಗಿಸ್ಬಿಟ್ಟನಂತೆ. ಹೋಗ್ಲಿ ಬಿಡು, ಫ್ರೆಸ್ನೊ ತಂಡದವರು ಕರೆದ್ರು, ಒಪ್ಕೊಂಡೆ. ನಿನ್ನ ಸಹಿನೂ ಲೀಗಿಗೆ ಕಳಿಸಿಯಾಯ್ತು, ಇನ್ನು ಯಾರೂ ಬದಲಾಯಿಸೋಕಾಗಲ್ಲ. ಬುಧವಾರ ಬಂದ್ಬಿಡು."

ತನ್ನನ್ನು ಬಿಟ್ಟುಬಿಡೆಂದು ವೆಂಡೆಲ್ ಫೋನಿನಲ್ಲೇ ಕೈಕಾಲು ಹಿಡಿದು ಬೇಡಿಕೊಂಡ. ಹಿಂದಿನ ಕೂಗು ಕುಣಿತದ ನಡುವೆ ಸ್ಟಾಲ್ನೆಕರ್ ಅದನ್ನು ಹಿಗ್ಗೆಂದು ತಿಳಿದು ಫೋನ್ ಇಟ್ಟ.

ಮನೆಗೆ ಬಂದರೆ ಅಲ್ಲಿ ಹಬ್ಬ. ಡೋರೀನಳ ಹಲಗೆಯನ್ನು ಕ್ಯಾಸಿಮಿರ್ ಕಿತ್ತುಹಾಕಿದ್ದ. ಮಾರ್ವಾ ಬಾಗಿಲಲ್ಲೇ ಅವನ ಕೊರಳಿಗೆ ಬಿದ್ದಳು. ಗುಂಡರ್ಸನ್ನರು ಮನೆಗೇ ಫೋನ್ ಮಾಡಿ ಅತ್ತರಂತೆ. ತನಗಾಗಿ ತಲೆ ಕೊಟ್ಟವನಿಗೆ ಇನ್ನು ಮೂರು ವರ್ಷದ ಕೆಲಸ, ಆಕ್ರಮಣ ವಿಭಾಗದ ಇಡೀ ಯಜಮಾನಿಕೆ ಎಂದರಂತೆ. ಜೀವಮಾನವೆಲ್ಲ ವೆಂಡೆಲ್ ಕನಸು ಕಂಡಿದ್ದ ಜಾಗವದು.

ವೆಂಡೆಲ್ ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಗ್ಯಾರೇಜಿನಿಂದ ಹಿಡಿದು ಫ್ರೆಸ್ನೊದವರೆಗೆ ಎಲ್ಲವನ್ನೂ ಒಪ್ಪಿಸಿದ. ಮಾರ್ವಾ ಕುರ್ಚಿ ಎಳೆದು ಎದುರಿಗೆ ಕೂತಳು.

"ಎಷ್ಟು ವರ್ಷಕ್ಕೆ?"

"ಎರಡು."

"ಆ ಸ್ಟಾಲ್ನೆಕರನ್ನ ಯಾವ ಊರಿನೋರಾದ್ರೂ ಎರಡು ವರ್ಷ ಇಟ್ಕೊಂಡಿದಾರಾ?"

ವೆಂಡೆಲ್ ಪ್ರಾಮಾಣಿಕವಾಗಿ ಯೋಚಿಸಿದ. "ಇಲ್ಲ," ಎಂದ.

"ಹಾಗಾದ್ರೆ ಹೋಗಿ ಬಾ, ನಾನಿಲ್ಲೇ ಇರ್ತೀನಿ," ಎಂದಳು ಮಾರ್ವಾ. "ನಿನ್ನ ಬಟ್ಟೆ ನೀನೇ ಮಡಚ್ಕೋ."