ಕವಣೆ ಕಲ್ಲಿನಷ್ಟು ದೂರ

ನಿವೃತ್ತಿಯಾದ ಮೇಲೆ ಮನುಷ್ಯನಿಗೆ ಕೆಲಸ ತಪ್ಪುತ್ತದೆ, ಚಟ ತಪ್ಪುವುದಿಲ್ಲ. ನಾನು ಜೇವರ್ಗಿಯ ಕಚೇರಿಯೊಂದರಲ್ಲಿ ಆಯುಷ್ಯವಿಡೀ ಟಿಪ್ಪಣಿ, ಆದೇಶ, ಸುತ್ತೋಲೆ ಬರೆದವನು. 'ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಶುರು ಮಾಡದಿದ್ದರೆ ಹೆಂಡತಿಯ ಹತ್ತಿರ ಚಹಾ ಕೇಳುವುದೂ ನನಗೆ ಕಷ್ಟ. ಒಮ್ಮೆ ಮಗಳ ಮದುವೆಯ ಲಗ್ನಪತ್ರಿಕೆಯಲ್ಲಿ 'ತಪ್ಪದೇ ಹಾಜರಿರತಕ್ಕದ್ದು' ಎಂದು ಬರೆದದ್ದಕ್ಕೆ ಬೀಗರು ಗಾಬರಿಯಾಗಿ ಒಂದು ದಿನ ಮೊದಲೇ ಬಂದಿಳಿದಿದ್ದರು. ಇಂಥವನು ಒಂದು ಕೆರೆಯ ದಂಡೆಗೆ ಬಂದು ಸುಮ್ಮನೆ ಕೂರುತ್ತೇನೆಂದರೆ ನಂಬುವವರು ಯಾರು? ನನ್ನ ಹೆಂಡತಿ ಮಹಾದೇವಿಯಂತೂ ನಂಬಿರಲಿಲ್ಲ.

ಕೆರೆ ಇರುವುದು ಆಳಂದದಿಂದ ಜಿಡಗಾ ಕಡೆಗೆ ಹೋಗುವಾಗ ಒಳದಾರಿಯಲ್ಲಿ. ಸರಕಾರದವರು ಒಡ್ಡು ಕಟ್ಟಿ ನೀರು ನಿಲ್ಲಿಸಿದ ಕೆರೆ. ಬಿಸಿಲಿನ ನಾಡಿನಲ್ಲಿ ಹುಟ್ಟಿದವರಿಗೆ ನೀರು ಕಂಡರೆ ಒಂದು ಬಗೆಯ ಮರುಳು. ಅದಕ್ಕೇ ದಂಡೆಯ ಮೇಲೆ ಸಾಲಾಗಿ ಮನೆ ಕಟ್ಟಿಕೊಂಡವರೆಲ್ಲ ಸಂಜೆಯಾದರೆ ಕುರ್ಚಿ ಹೊರಗೆ ಹಾಕಿ, ಟಿವಿ ನೋಡಿದ ಹಾಗೆ ನೀರು ನೋಡುತ್ತ ಕೂರುತ್ತೇವೆ. ನಮ್ಮ ಬಾಜೂ ಮನೆಯ ನೀಲಮ್ಮ ಆಯಿ ಮಾತ್ರ ನೋಡುವ ರೀತಿ ಬೇರೆ. ಆಕೆಯ ತವರಿನ ಹೊಲ ಈ ಕೆರೆಯ ಒಳಗಿದೆ. ಒಡ್ಡು ಕಟ್ಟಿದಾಗ ಮುಳುಗಿದ್ದು. ಗಂಡ ತೀರಿದ ಮೇಲೆ ಮಗನ ಕೂಡ ಜಗಳಾಡಿ ಇಲ್ಲಿಯೇ ಮನೆ ಕಟ್ಟಿಸಿಕೊಂಡು, ಮನೆಯ ಮುಂದೆ ಒಂದು ಬೇವಿನ ಗಿಡ ನೆಟ್ಟು ಬೆಳೆಸಿದ್ದಳು. "ಹೊಲ ನೀರಾಗ ಕುಂತದ, ನಾ ಅದರ ಬಾಜೂಕ ಕುಂತೇನಿ. ಇಬ್ಬರಿಗೂ ವಯಸ್ಸಾಗ್ಯಾದ," ಎನ್ನುತ್ತಿದ್ದಳು.

ಹೀಗಿರುವಾಗ ಅಫಜಲಪುರದ ಶಿವರಾಜ ಒಂದು ಮೋಟಾರು ದೋಣಿ ತಂದ. ಸೊಲ್ಲಾಪುರದ ಕಡೆಯಿಂದ ಲಾರಿಯ ಮೇಲೆ ಅದು ಬಂದ ದಿನ ನಾವೇ ಚಪ್ಪಾಳೆ ತಟ್ಟಿ ಬರಮಾಡಿಕೊಂಡೆವು. ಒಂದು ವಾರದಲ್ಲಿ ಚಪ್ಪಾಳೆ ತಟ್ಟಿದ ಕೈ ಕಿವಿ ಮುಚ್ಚಿಕೊಳ್ಳಲು ಬೇಕಾಯಿತು. ಅದು ಬರೀ ಜನರನ್ನು ಸುತ್ತಾಡಿಸುವ ದೋಣಿಯಲ್ಲ, ಬೇಕೆಂದೇ ಅಲೆ ಎಬ್ಬಿಸುವ ದೋಣಿ. ಹಿಂಭಾಗದಲ್ಲಿ ಉಸುಕಿನ ಚೀಲ ಹೇರಿದರೆ ಅದು ಕೆಳಗೆ ಕುಸಿದು ಓಡುತ್ತದೆ, ಹಿಂದೆ ಎದೆಮಟ್ಟದ ಅಲೆ ಏಳುತ್ತದೆ, ಆ ಅಲೆಯ ಮೇಲೆ ಕಲಬುರಗಿಯಿಂದ ಬಂದ ತರುಣರು ಹಲಗೆಯ ಮೇಲೆ ನಿಂತು, ಹಗ್ಗ ಹಿಡಿದು, ಕೂಗುತ್ತಾರೆ. ಅವರು ಕೂಗಿ ಮನೆಗೆ ಹೋಗುತ್ತಾರೆ. ಅಲೆ ಮಾತ್ರ ನಮ್ಮ ಮನೆಗೆ ಬರುತ್ತದೆ. ನಮ್ಮದು ಎರೆಮಣ್ಣಿನ ದಂಡೆ. ನೀರು ಬಡಿದರೆ ಬೆಲ್ಲದಂತೆ ಕರಗುತ್ತದೆ. ಮೊದಲು ಮಹಾದೇವಿಯ ಪುಂಡಿಪಲ್ಲೆ ಸೊಪ್ಪಿನ ಮಡಿ ಹೋಯಿತು, ಆಮೇಲೆ ನನ್ನ ಬೇಲಿ. ಕೊನೆಗೆ ಒಂದು ಮುಂಜಾನೆ ನೀಲಮ್ಮ ಆಯಿಯ ಬೇವಿನ ಗಿಡದ ಬೇರು ಅರ್ಧದಷ್ಟು ಹೊರಗೆ ಕಾಣತೊಡಗಿತು. ಆಕೆ ಬೈಯಲಿಲ್ಲ. ಗಿಡದ ಹತ್ತಿರ ಕುಳಿತು ಬೇರಿಗೆ ಮಣ್ಣು ಮೆತ್ತುತ್ತಿದ್ದಳು. ಮಧ್ಯಾಹ್ನದ ಅಲೆ ಬಂದು ಅದನ್ನೂ ಒಯ್ದಿತು.

ನಾನು ಶಿವರಾಜನ ಹತ್ತಿರ ಹೋದೆ. ಅವನೇನು ಕೆಟ್ಟವನಲ್ಲ. ಕೈ ಮುಗಿದು, ಕುರ್ಚಿ ಒರೆಸಿ ಕೂಡಿಸಿದ. "ಕಾಕಾ, ನಾ ಏನ್ ಖುಷಿಗೆ ಅಲೆ ಎಬ್ಬಸ್ತೇನೇನ್ರಿ? ಅಲೆ ಇಲ್ಲಂದ್ರ ಮಂದಿ ಬರಂಗಿಲ್ರಿ. ಮಂದಿ ಬರಲಿಲ್ಲಂದ್ರ ಮನ್ಯಾಗ ಹೆಂಡ್ತಿ ಎಬ್ಬಸ್ತಾಳ್ರಿ ಅಲೆ. ಕೆರೆಗೆ ಏನರ ಕಾಯ್ದೆ ಅದ ಏನ್ರಿ? ಇದ್ರ ಹೇಳ್ರಿ, ಪಾಲಿಸ್ತೇನಿ," ಎಂದ.

ಕಾಯ್ದೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ನನ್ನ ಬೆರಳುಗಳು ತಾವಾಗಿಯೇ ಆಡತೊಡಗಿದವು. ಊರೂರಲ್ಲೂ ಸಾರಾಯಿಗೆ, ಸಂತೆಗೆ, ದನಕ್ಕೆ ಕಾಯ್ದೆ ಇದೆ. ಅಲೆಗೆ ಮಾತ್ರ ಇಲ್ಲ. ಹಾಗಾದರೆ ನಾವೇ ಮಾಡಿಸೋಣ ಎಂದು ದಂಡೆಯ ಮನೆಯವರನ್ನೆಲ್ಲ ಕೂಡಿಸಿ, ಪಂಚಾಯತಿ ಅಧ್ಯಕ್ಷೆ ಸುಜಾತಾಬಾಯಿಯವರನ್ನು ಕಂಡೆವು. ಆಕೆ ಚುರುಕಿನ ಹೆಣ್ಣುಮಗಳು. "ಬಾಯಿಲೆ ಹೇಳಬ್ಯಾಡ್ರಿ, ಬರ್ಕೊಂಡ ಬರ್ರಿ. ಗ್ರಾಮಸಭಾದಾಗ ಇಡ್ತೇನಿ," ಎಂದರು. ಬರೆದುಕೊಂಡು ಬಾ ಎಂದು ನನಗೆ ಯಾರಾದರೂ ಹೇಳಿ ಎಷ್ಟೋ ವರ್ಷಗಳಾಗಿದ್ದವು. ಮನೆಗೆ ಬಂದು ಊಟವನ್ನೂ ಮರೆತು ಕರಡು ತಯಾರಿಸಿದೆ. 'ಮೀಟರು' ಎಂದು ಬರೆದರೆ ಒಣಒಣ ಎನಿಸಿತು. 'ದಂಡೆಯಿಂದ ಒಂದು ಕಲ್ಲೆಸೆತದಷ್ಟು ದೂರದ ಒಳಗೆ ಪ್ರವೇಶಿಸತಕ್ಕದ್ದಲ್ಲ' ಎಂದು ಬರೆದೆ. ಓದಿ ನೋಡಿದರೆ ಹಳೆಯ ಶಾಸನದ ಗಾಂಭೀರ್ಯ ಬಂದಿತ್ತು.

ಗ್ರಾಮಸಭೆಯಲ್ಲಿ ಅದನ್ನು ಓದಿದಾಗ ಶಿವರಾಜ ಎದ್ದು ನಿಂತ. ಮುಖದಲ್ಲಿ ಬಹಳ ವಿನಯ. "ಒಂದ್ ಸವಾಲ್ ಅದ್ರಿ. ಕಲ್ಲು ಯಾರು ಒಗೀಬೇಕ್ರಿ?"

ಸಭೆ ನಕ್ಕಿತು. ಅಧ್ಯಕ್ಷೆಯೂ ನಕ್ಕರು. ನನ್ನ ಕಡೆ ತಿರುಗಿ, "ಖರೆ ಅದಲ್ರಿ ಸಾಹೇಬ್ರ, ಯಾರ ಕಲ್ಲು?" ಎಂದರು. ನಾನು ಕರಡನ್ನು ಮತ್ತೊಮ್ಮೆ ತಿರುವಿ ನೋಡಿದೆ. ಶಿವರಾಜನೇ ಫೈಸಲಾ ಹೇಳಿದ: "ಬರದವ್ರೇ ಒಗೀಲಿ ಬಿಡ್ರಿ."

ಇಡೀ ಸಭೆ ಎದ್ದು ಕೆರೆಯ ದಂಡೆಗೆ ಬಂತು. ನಾನು ಜೀವನದಲ್ಲಿ ಕಲ್ಲು ಒಗೆದವನಲ್ಲ. ಹುಣಸೆಕಾಯಿಗೂ ಕೂಡ ಗೆಳೆಯರು ಒಗೆಯುವವರು, ನಾನು ಆರಿಸುವವನು. ಆದರೂ ತೋಳು ಮಡಿಚಿ, ಉಸಿರು ಕಟ್ಟಿ, ಒಗೆದೆ. ಭುಜದಲ್ಲಿ ಲಟಕ್ ಎಂದಿತು. ಕಲ್ಲು, ನೀರಿನಲ್ಲಿ ಕೂತಿದ್ದ ಎಮ್ಮೆಯೊಂದರ ಮೂಗಿನ ಮುಂದೆ ಬುಳುಕ್ ಎಂದು ಬಿತ್ತು. ಎಮ್ಮೆ ಕಣ್ಣು ಕೂಡ ಮಿಟುಕಿಸಲಿಲ್ಲ. ಮಹಾದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಶಿವರಾಜ ಚಪ್ಪಾಳೆ ತಟ್ಟಿ, "ಮುಗೀತ್ರಿ ಹಂಗಾರ! ಎಮ್ಮಿ ತನ ನಿಮ್ದು, ಆ ಕಡಿದು ನಂದು," ಎಂದ.

ಆಗ ನೀಲಮ್ಮ ಆಯಿ ಮುಂದೆ ಬಂದಳು. ಕೈಯಲ್ಲಿ ಹಳೆಯ ಒಂದು ಕವಣೆ. ಯಾವಾಗ ಮನೆಗೆ ಹೋಗಿ ತಂದಳೋ ಯಾರೂ ನೋಡಿರಲಿಲ್ಲ. "ಬರಿಗೈಲೇ ಒಗೀಬೇಕಂತ ಬರದದ ಏನಪಾ?" ಎಂದು ಕೇಳಿದಳು. ಬರೆದಿರಲಿಲ್ಲ. "ಹಂಗಾರ ಜರಾ ಸರೀರಿ."

ಆಕೆ ತಲೆಯ ಮೇಲೆ ಕವಣೆ ತಿರುಗಿಸಿ ಬಿಟ್ಟಳು. ಮೊದಲನೇ ಕಲ್ಲು ಹಿಂದಕ್ಕೆ ಹೋಗಿ ನಮ್ಮ ಮಾಳಿಗೆಯ ನೀರಿನ ಟಾಕಿಗೆ ಬಡಿಯಿತು. ಜನ ಚದುರಿ ಗಿಡದ ಮರೆಗೆ ಓಡಿದರು. ಅಧ್ಯಕ್ಷೆ ಪಂಚಾಯತಿಯ ಜೀಪಿನ ಹಿಂದೆ ಕೂತರು. "ಕೈ ಮರ್ತದವ್ವಾ," ಎಂದು ತನಗೆ ತಾನೇ ಹೇಳಿಕೊಂಡು, ಆಯಿ ಚಪ್ಪಲಿ ಕಳಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇನ್ನೊಂದು ಕಲ್ಲು ಇಟ್ಟಳು. ಈ ಸಲ ಕವಣೆ ಗುಂಯ್ ಎಂದು ಸುತ್ತಿತು.

ಆ ಸದ್ದು! ನಾನು ಎಲ್ಲಿದ್ದೆನೋ ಮರೆತೆ. ಬಿಳಿಜೋಳ ಹಾಲುಗಟ್ಟುವ ದಿನಗಳು, ಹೊಲದ ನಡುವಿನ ಅಟ್ಟದ ಮೇಲೆ ನಿಂತು "ಹೋ ಹೋ" ಎಂದು ಹಕ್ಕಿ ಹಾರಿಸುತ್ತಿದ್ದ ಅಕ್ಕಂದಿರು, ಚಳಿಯಲ್ಲಿ ಕುಳ್ಳಿನ ಬೆಂಕಿ, ಸುಟ್ಟ ಎಳೆ ತೆನೆಯ, ಆ ಸೀತನಿಯ ಬಿಸಿ ಕಾಳು ಅಂಗೈಯಿಂದ ಬಾಯಿಗೆ ಬೀಳುವಾಗಿನ ವಾಸನೆ. ಆ ಹೊಲಗಳೆಲ್ಲ ಈಗ ತೊಗರಿಯಾಗಿವೆ, ಅಟ್ಟ ಕಟ್ಟುವವರಿಲ್ಲ. ಕಲ್ಲು ಈ ಸಲ ಕೆರೆಯ ಕಡೆಗೇ ಹಾರಿ, ಎಮ್ಮೆಗಳನ್ನು ದಾಟಿ, ಬಲೆಯ ಬೆಂಡುಗಳನ್ನು ದಾಟಿ, ಬಹಳ ದೂರದಲ್ಲಿ ನೀರಿನಲ್ಲಿ ಸಣ್ಣದೊಂದು ಬಿಳಿ ಚುಕ್ಕೆ ಎಬ್ಬಿಸಿತು.

"ಅಲ್ಲೇ ನೋಡ್ರಿ ನಮ್ಮ ಹೊಲದ ಆಚಿ ಬದು," ಎಂದಳು ಆಯಿ. "ಅಪ್ಪ ಅಟ್ಟದ ಕೆಳಗ ನಿಂತು, ಬದು ದಾಟಿಸವ್ವಾ ನೀಲಾ, ಅಂತಿದ್ದ."

ನಾನು ಶಿವರಾಜನ ಮುಖ ನೋಡಿದೆ. ಅವನು ವಾದ ಮಾಡಬಹುದಿತ್ತು. ಕೆರೆ ದೊಡ್ಡದಿದ್ದರೂ ಅಷ್ಟು ದೂರ ಬಿಟ್ಟರೆ ಅವನಿಗೆ ಉಳಿಯುವುದು ನಡುವಿನ ನೀರು ಮಾತ್ರ. ಅವನು ತಲೆ ಕೆರೆದುಕೊಂಡು, "ಅಲ್ಲಿಗೇ ಇರ್ಲಿ ಬಿಡ್ರಿ ಆಯಿ. ನಿಮ್ಮ ಹೊಲ್ದಾಗ ನಾ ಯಾಕ ದೋಣಿ ಹೊಡೀಲಿ?" ಎಂದ. ಮರುದಿನ ತಾನೇ ಖಾಲಿ ಡ್ರಮ್ಮುಗಳನ್ನು ತಂದು ಅಲ್ಲಿ ತೇಲಿ ಬಿಟ್ಟು ಗಡಿ ಹಾಕಿದ. ದೋಣಿ ನೀರಿಗಿಳಿಸಲು, ಹತ್ತಿ ಇಳಿಯಲು ದಂಡೆಯ ತುದಿಯಲ್ಲಿರುವ ಗುಡಿಯ ಮೆಟ್ಟಿಲು, ಅಂದರೆ ಪಾವಟಿಗೆಯೊಂದನ್ನೇ ಪಂಚಾಯತಿ ಗೊತ್ತು ಮಾಡಿ, ಅಲ್ಲಿ ನನ್ನ ಕರಡನ್ನು ಬೋರ್ಡಿಗೆ ಬರೆಸಿ ನಿಲ್ಲಿಸಿತು. ಅಲೆ ಈಗ ದಂಡೆ ಮುಟ್ಟುವಷ್ಟರಲ್ಲಿ ಸುಸ್ತಾಗಿರುತ್ತದೆ. ಬೇವಿನ ಗಿಡಕ್ಕೆ ನಾವೆಲ್ಲ ಸೇರಿ ಕಲ್ಲು ಕಟ್ಟಿ ಮಣ್ಣು ತುಂಬಿದೆವು. ಅದು ಚಿಗುರಿದೆ.

ಇಲ್ಲಿಗೆ ಸುಮ್ಮನಿದ್ದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಕವಣೆಯ ಸದ್ದು ಹಳೆಯದನ್ನೆಲ್ಲ ಕೆದಕಿಬಿಟ್ಟಿತ್ತು. ಚೌಡಾಪುರದ ಕಡೆ ಭೀಮೆಯನ್ನು ಹರಿಗೋಲಿನಲ್ಲಿ ದಾಟಿ ಅಜ್ಜಿಯ ಊರಿಗೆ ಹೋಗುತ್ತಿದ್ದದ್ದು ನೆನಪಾಯಿತು. ಬುಟ್ಟಿ ಗರಗರ ತಿರುಗುವಾಗ ಅವ್ವ ನನ್ನ ತೊಡೆ ಹಿಡಿದು ಕೂತಿರುತ್ತಿದ್ದಳು. ಮೀನುಗಾರರೊಬ್ಬರಿಂದ, ಒಬ್ಬನೇ ಕೂರುವಂಥ, ಡಾಂಬರು ಬಳಿದ ಸಣ್ಣ ಹರಿಗೋಲು ತಂದೆ. ಒಂದು ಮುಂಜಾನೆ ಮನೆಯ ಮುಂದೆಯೇ ಅದನ್ನು ನೀರಿಗಿಳಿಸಿ ಒಂದು ಕಾಲು ಒಳಗಿಟ್ಟೆ. ದೂರದಲ್ಲಿ ಡ್ರಮ್ಮುಗಳ ಆಚೆ ಶಿವರಾಜನ ದೋಣಿ ನಿಂತಿತು.

"ಕಾಕಾ!" ಎಂದು ಕೂಗಿದ. "ಕಾಯ್ದೆ!"

"ಇದಕ್ಕ ಮೋಟಾರ್ ಇಲ್ಲೋ!" ಎಂದು ನಾನೂ ಕೂಗಿದೆ.

"ಪಾವಟಿಗೆ ಹತ್ರ ಬೋರ್ಡ್ ಓದ್ರಿ!"

ಹೋಗಿ ಓದಿದೆ. ನನ್ನದೇ ವಾಕ್ಯ. 'ಯಂತ್ರಚಾಲಿತವಾಗಿರಲಿ, ಅಲ್ಲದಿರಲಿ, ಯಾವುದೇ ಜಲವಾಹನವು' ಎಂದಿತ್ತು. ವಾಕ್ಯ ತುಂಬಿಕೊಂಡಿರಲಿ ಎಂದು ನಾನೇ ಸೇರಿಸಿದ್ದು. ತಿದ್ದುಪಡಿ ಮಾಡಿಸೋಣವೆಂದರೆ ಅಧ್ಯಕ್ಷೆ ನಕ್ಕು, "ಮುಂದಿನ ಗ್ರಾಮಸಭಾ ತನ ತಡೀರಿ," ಎಂದರು.

ಹೀಗಾಗಿ ಈಗ ದಿನಾ ಮುಂಜಾನೆ ಹರಿಗೋಲನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ನಾನು ಪಾವಟಿಗೆಯವರೆಗೆ ನಡೆಯುತ್ತೇನೆ. ಹೊರಗಿನವರಿಗೆ ನನ್ನ ಕಾಲು ಮಾತ್ರ ಕಾಣುತ್ತದೆ. ಹಿಂದೆ ಮಹಾದೇವಿ ಹುಟ್ಟು ಹಿಡಿದು ಬರುತ್ತಾಳೆ. ಮೊನ್ನೆ ದಾರಿಯಲ್ಲಿ ಹೊಸಬರು ಯಾರೋ ನಿಂತು, "ಒಳಗ ಯಾರ್ರೀ ಅಮ್ಮಾರ?" ಎಂದು ಕೇಳಿದ್ದು ಕೇಳಿಸಿತು.

"ಕಾಯ್ದೆ ಬರದವ್ರು," ಎಂದಳು ಆಕೆ.

ನನ್ನ ಮುಖ ಹೊರಗೆ ಕಾಣದಿದ್ದದ್ದೇ ಒಳ್ಳೆಯದಾಯಿತು.