ನಡೆಯಗೊಡದ ಊರು

ಕೆಟ್ಟವರ ಮೇಲೆ ಸಿಟ್ಟಾಗುವುದು ಸುಲಭ. ಬೈದುಬಿಡಬಹುದು, ಮಾತು ಬಿಡಬಹುದು, ಎದುರಿಗೆ ಬಂದರೆ ಮುಖ ತಿರುಗಿಸಿಕೊಂಡು ಹೋಗಬಹುದು. ಒಳ್ಳೆಯವರ ಮೇಲೆ ಸಿಟ್ಟು ಬಂದರೆ ಮಾತ್ರ ಒಳಗೊಳಗೇ ಕುದಿಯಬೇಕು, ಮೇಲೆ ಹಲ್ಲು ಕಿರಿಯಬೇಕು. ಶೇಡಬಾಳದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಕಲಿಸುತ್ತಿರುವ ನಾನು ಈ ಸಲದ ಕಬ್ಬಿನ ಹಂಗಾಮಿನಲ್ಲಿ ಒಂದು ತಿಂಗಳು ಪೂರ್ತಿ ಹೀಗೇ ಕುದ್ದಿದ್ದೇನೆ. ಕಾರಣ ಹೇಳಿದರೆ ನೀವು ನಗುತ್ತೀರಿ, ನಕ್ಕರೆ ನಿಮ್ಮ ಮೇಲೂ ಸಿಟ್ಟಾಗುತ್ತೇನೆ. ನನ್ನ ಊರಿನವರು ನನ್ನನ್ನು ನಡೆಯಗೊಡಲಿಲ್ಲ.

ಅಥಣಿಯ ಡಾಕ್ಟರು ನನ್ನ ರಕ್ತದ ಚೀಟಿ ನೋಡಿ, "ಮಾಸ್ತರ, ದಿನಾ ಒಂದು ತಾಸು ನಡೀರಿ. ಇಲ್ಲಂದ್ರ ಮುಂದಿನ ಸಲ ನಾ ಸೂಜಿ ಹಿಡಕೊಂಡ ಮಾತಾಡತೀನಿ" ಎಂದಿದ್ದರು. ಹೆಂಡತಿ ಶಾರದಾ ಅಂದೇ ಬೂಟು ಕೊಡಿಸಿದಳು. ಆದರೆ ನನ್ನ ಹಣೆಬರಹ ನನಗೆ ಗೊತ್ತು. ಬರೀ ಆರೋಗ್ಯಕ್ಕಾಗಿ ಏಳುವುದಾದರೆ ನಾಲ್ಕನೆಯ ದಿನ ಕೌದಿ ಮುಖದ ಮೇಲೆ ಬರುತ್ತದೆ. ಹಾಸಿಗೆಯಿಂದ ಎಬ್ಬಿಸಲು ನನಗೆ ಒಂದಿಷ್ಟು ಲೋಕಲಜ್ಜೆ ಬೇಕಿತ್ತು. ಅದು ಸಿಕ್ಕಿದ್ದು ನಮ್ಮ ಶಾಲೆಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ.

ಆ ಅಂಗಡಿ ನಡೆಸುವವಳು ಸುವರ್ಣಾ, ನನ್ನ ಹಳೆಯ ವಿದ್ಯಾರ್ಥಿನಿ. ಚಿಕ್ಕಂದಿನಿಂದಲೇ ಕಾಲಿನಲ್ಲಿ ಶಕ್ತಿಯಿಲ್ಲ. ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲೊಂದಿತ್ತು, ಅದು ತುಕ್ಕು ಹಿಡಿದು ವೆಲ್ಡಿಂಗಿನವನೂ ಕೈಮುಗಿದ. ಆಮೇಲೆ ದಿನಾಲೂ ಅಣ್ಣನೇ ತನ್ನ ಬೈಕಿನ ಮೇಲೆ ತಂದು ಬಿಡುತ್ತಿದ್ದ. ಅವನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಒಮ್ಮೆ ವಾರಗಟ್ಟಲೆ ಅಂಗಡಿ ಮುಚ್ಚಿದ್ದನ್ನು ಕಂಡು ಯಾಕೆ ಎಂದು ಕೇಳಿದರೆ ಆಕೆ, "ಅಣ್ಣಗ ಮುಂಜಾನಿ ಪಾಳಿ ಬಂದಿತ್ರಿ ಸರ್. ನನ್ನ ಕಾಲು ಅವನ ಪಾಳಿ ಮ್ಯಾಲೆ ನಡೀತಾವ" ಎಂದು ನಗುನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ.

ಆ ಸಂಜೆಯೇ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಘೋಷಿಸಿದೆ. ಒಂದು ತಿಂಗಳಲ್ಲಿ ನಾನು ನೂರು ಕಿಲೋಮೀಟರು ನಡೆಯುತ್ತೇನೆ, ನಡೆದ ಒಂದೊಂದು ಕಿಲೋಮೀಟರಿಗೂ ನೀವು ಕೈಲಾದಷ್ಟು ಕೊಡಿ, ಸುವರ್ಣಾಗೆ ಹೊಸ ಸೈಕಲ್ ತರೋಣ. ನಡೆದದ್ದನ್ನು ಫೋನು ಅಳೆಯುತ್ತದೆ, ಗಾಡಿ ಹತ್ತಿದ್ದು ಲೆಕ್ಕಕ್ಕಿಲ್ಲ. ಕೊನೆಯ ಸಾಲನ್ನು ಯಾರೂ ಕೇಳಿರಲಿಲ್ಲ. ನನ್ನ ಪ್ರಾಮಾಣಿಕತೆ ನಾಲ್ಕು ಜನರಿಗೆ ಕಾಣಲಿ ಎಂದು ನಾನೇ ಸೇರಿಸಿದ್ದು. ದ್ರಾಕ್ಷಿ ತೋಟದ ಅಣ್ಣಾಸಾಹೇಬ, ನನ್ನ ಮೊದಲ ವರ್ಷದ ವಿದ್ಯಾರ್ಥಿ, ಕೂಡಲೇ ಫೋನು ಮಾಡಿ "ಸರ್, ಅರ್ಧಾ ನಂದ್ರಿ. ನೀವು ನಡೀರಿ ಅಷ್ಟ" ಎಂದ.

ಮರುದಿನ ಬೆಳಿಗ್ಗೆ ಕಾಗವಾಡದ ರಸ್ತೆ ಹಿಡಿದೆ. ಐದು ನಿಮಿಷವಾಗಿರಲಿಲ್ಲ, ಪಕ್ಕದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ಬೈಕು ನಿಂತಿತು. "ಸರ್, ಗಾಡಿ ಕೆಟ್ಟೈತೇನ್ರಿ? ಹತ್ರಿ." ನಮ್ಮ ಕಡೆ ಗೊತ್ತಿದ್ದ ಹಿರಿಯ ಮನುಷ್ಯ ನಡೆಯುತ್ತಿರುವಾಗ ಗಾಡಿಯ ಮೇಲೆ ದಾಟಿ ಹೋಗುವುದೆಂದರೆ ತಂದೆತಾಯಿ ಏನೂ ಕಲಿಸಿಲ್ಲ ಎಂದು ಊರಿಗೆಲ್ಲ ಸಾರಿದ ಹಾಗೆ. ಬೇಡವೆಂದರೆ ಇನ್ನೂ ಕಷ್ಟ. ಅವನ ಮುಖ ಸಣ್ಣದಾಯಿತು. "ಒಂಬತ್ನೇತ್ತಾಗ ನಾ ಕಾಪಿ ಹೊಡದಿದ್ದು ಇನ್ನೂ ಮನಸಿನ್ಯಾಗ ಇಟಕೊಂಡೀರೇನ್ರಿ?" ಎಂದ. ಅವನು ಕಾಪಿ ಹೊಡೆದದ್ದು ನನಗೆ ಗೊತ್ತಾದದ್ದೇ ಆಗ. ಹತ್ತಿದೆ. ಅವನು ನೇರವಾಗಿ ತನ್ನ ಗಾಣಕ್ಕೆ ಕರೆದೊಯ್ದು ಒಂದು ತಂಬಿಗೆ ಕಬ್ಬಿನ ಹಾಲು ಕುಡಿಸಿ, ಅಂಗೈ ಮೇಲೆ ಬಿಸಿ ಬೆಲ್ಲ ಇಟ್ಟು, ಮನೆ ಬಾಗಿಲಿಗೆ ತಂದು ಇಳಿಸಿದ. ರಕ್ತದ ಸಕ್ಕರೆ ಇಳಿಸಲು ಹೊರಟವನ ಮೊದಲ ದಿನ ಹೀಗೆ ಮುಗಿಯಿತು.

ಬೈಕಿನವರನ್ನು ತಪ್ಪಿಸಲು ಹೊಲದ ದಾರಿ ಹಿಡಿದರೆ ಅಲ್ಲಿ ಒಬ್ಬ ಮುದುಕಿ. ಈ ವಯಸ್ಸಿನವನು ಕೆಲಸವಿಲ್ಲದೆ ನಡೆಯುತ್ತಾನೆಂದರೆ ಅವಳ ತಿಳುವಳಿಕೆಯಲ್ಲಿ ಅದಕ್ಕೆ ಒಂದೇ ಕಾರಣ. "ಪಾಯೀ ಪಾಯೀ ನಡಕೋತ ವಿಠೋಬನ ಪಂಢರಪೂರಕ್ಕ ಹೊಂಟೀರೇನ್ರಿ ಮಾಸ್ತರ?" ಎಂದು ನನ್ನ ಹೊಸ ಬೂಟು ಮುಟ್ಟಿ ಹಣೆಗೆ ಒತ್ತಿಕೊಂಡಳು. ಅಲ್ಲವೆಂದು ಹೇಳುವಷ್ಟರಲ್ಲಿ ಉಡಿಯಿಂದ ನಾಲ್ಕು ಬಾಳೆಹಣ್ಣು ತೆಗೆದು ಕೈಗಿಟ್ಟು, ಒಂದನ್ನು ಅಲ್ಲೇ ತಿನ್ನಿಸಿ, ತನ್ನ ಹೆಸರಿನಲ್ಲಿ ವಿಠೋಬನಿಗೆ ಒಂದು ನಮಸ್ಕಾರ ಹಾಕಲು ಹೇಳಿ ಕಳಿಸಿದಳು. ಎರಡು ದಿನವಾದ ಮೇಲೆ ಅವಳೇ ಸಂತೆಯಲ್ಲಿ ನನ್ನನ್ನು ಕಂಡು, ಅರ್ಧ ದಾರಿಯಿಂದ ತಿರುಗಿ ಬಂದ ಪಾಪಿಯನ್ನು ನೋಡುವ ಹಾಗೆ ನೋಡಿದಳು.

ಇವರನ್ನೆಲ್ಲ ಕ್ಷಮಿಸಿದೆ. ಕ್ಷಮಿಸಲಾಗದವನು ಅಣ್ಣಾಸಾಹೇಬ. ಅವನು ತೋಟಕ್ಕೆ ಹೋಗುವ ಹೊತ್ತೂ ನಾನು ಹೊರಡುವ ಹೊತ್ತೂ ಒಂದೇ. ಪ್ರತಿದಿನ ತನ್ನ ದೊಡ್ಡ ಬೈಕು ಅಡ್ಡ ನಿಲ್ಲಿಸಿ, "ಹತ್ರಿ ಸರ್." ನಾನು ಗೋಗರೆದೆ. "ಅಲ್ಲೋ, ನಾ ನಡದ್ರ ರೊಕ್ಕ ಕೊಡಾಂವ ನೀನ ಅಲ್ಲೇನು?" ಅವನು ಸಾವಧಾನವಾಗಿ, "ಅದು ಬ್ಯಾರೆ ಮಾತ್ರಿ. ರೊಕ್ಕ ಕೊಡೂದು ಕೊಡತೀನಿ. ಆದ್ರ ನಾ ಗಾಡಿ ಮ್ಯಾಲೆ, ನೀವು ಕಾಲ್ನಡಿಗಿ ಅಂದ್ರ ಮಂದಿ ನನಗ ಏನಂದಾರು?" ಎನ್ನುತ್ತಿದ್ದ. ಇಂಥ ತಲೆಗೆ ಗಣಿತ ಕಲಿಸಿದವನು ನಾನೇ ಎಂಬುದು ನೆನಪಾಗಿ ಇನ್ನಷ್ಟು ಸಿಟ್ಟು ಬರುತ್ತಿತ್ತು. ಇಪ್ಪತ್ತು ದಿನ ಕಳೆದರೂ ಫೋನು ಮೂವತ್ಮೂರು ಕಿಲೋಮೀಟರು ತೋರಿಸುತ್ತಿತ್ತು. ಶಾರದಾ ಅದನ್ನು ನೋಡಿ, "ಇಷ್ಟಕ್ಕ ಆ ಹುಡುಗಿಗಿ ಒಂದು ಗಾಲಿ ಬಂದೀತು ನೋಡ್ರಿ" ಎಂದಳು.

ಅದೇ ದಿನ ಝೆರಾಕ್ಸಿಗೆ ಹೋದಾಗ ಅಂಗಡಿಯ ಮೆಟ್ಟಿಲಿನ ಪಕ್ಕದಲ್ಲಿ ಹೊಸದಾಗಿ ಸಿಮೆಂಟು ಹಾಕಿ ಇಳಿಜಾರು ಮಾಡಿದ್ದು ಕಂಡಿತು. ಇನ್ನೂ ಹಸಿ ಇತ್ತು. ಸೈಕಲ್ ಬಂದೇ ಬರುತ್ತದೆಂದು ನಂಬಿ ಸುವರ್ಣಾ ಅಣ್ಣನಿಂದ ಮಾಡಿಸಿದ್ದಳು. ಪ್ರತಿ ತೆಗೆದುಕೊಳ್ಳುವುದನ್ನೂ ಮರೆತು ನಾಚಿಕೆಯಿಂದ ಹೊರಗೆ ಬಂದೆ.

ಮರುದಿನ ಅಣ್ಣಾಸಾಹೇಬ ಗಾಡಿ ಅಡ್ಡ ತಂದಾಗ ಇಪ್ಪತ್ತೆರಡು ವರ್ಷದ ದನಿಯನ್ನೆಲ್ಲ ಒಟ್ಟುಗೂಡಿಸಿ ಕಿರುಚಿದೆ. "ಲೇ! ಇನ್ನೊಮ್ಮೆ ಹತ್ರಿ ಅಂದ್ರ ನಿನ್ನ ಗಾಡಿ ಕೀಲಿ ಕೆನಾಲಿಗೆ ಒಗೀತೀನಿ! ನನ್ನ ನಡೀಲಿಕ್ಕೆ ಬಿಡು!" ಅವನು ದಂಗಾಗಿ ನಿಂತ. ನಾನು ಸರಸರ ಹೆಜ್ಜೆ ಹಾಕಿದೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಏದುಸಿರು ಕೇಳಿತು. ತಿರುಗಿದರೆ ಅಣ್ಣಾಸಾಹೇಬ ಇಳಿದು, ಆ ಎಮ್ಮೆಯಂಥ ಗಾಡಿಯನ್ನು ತಳ್ಳಿಕೊಂಡು ಬರುತ್ತಿದ್ದ. "ದಾಟಿ ಹೋಗಾಕ ಮನಸ್ಸ ಆಗೂದುಲ್ರಿ" ಎಂದ. ಅವನು ತಳ್ಳುತ್ತಿರುವುದನ್ನು ಕಂಡು ಹಿಂದಿನವರು ಹೇಗೆ ಹತ್ತಿ ಹೋದಾರು? ಅವರೂ ಇಳಿದರು. ಕಾರ್ಖಾನೆಯ ಪಾಳಿಗೆ ಹೊರಟವರು, ಹಾಲಿನ ಕ್ಯಾನಿನವರು, ಎಲ್ಲರೂ ಗಾಡಿ ತಳ್ಳುತ್ತ ನನ್ನ ಬೆನ್ನ ಹಿಂದೆ. ನಾನು ವೇಗ ಹೆಚ್ಚಿಸಿದರೆ ಹಿಂದೆ ನರಳಾಟ ಹೆಚ್ಚುತ್ತಿತ್ತು. ಮುಂದಿನ ಒಂಬತ್ತು ದಿನವೂ ಇದೇ ಮೆರವಣಿಗೆ. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ನಡೆದೆ. ನೂರು ಮುಗಿಯಿತು. ನನ್ನ ಸಕ್ಕರೆ ಎಷ್ಟು ಇಳಿಯಿತೋ, ಅಣ್ಣಾಸಾಹೇಬನ ಹೊಟ್ಟೆಯಂತೂ ಕಣ್ಣಿಗೆ ಕಾಣುವಷ್ಟು ಇಳಿಯಿತು.

ಸೈಕಲ್ ಬಂತು. ಬೂಟು ಕಪಾಟು ಸೇರಿದವು. ಹೋದ ಸೋಮವಾರ ನಾನು ಸ್ಕೂಟರಿನ ಮೇಲೆ ಶಾಲೆಗೆ ಹೊರಟಿದ್ದೆ. ಏರಿನಲ್ಲಿ ಸುವರ್ಣಾ ಎರಡೂ ಕೈಯಿಂದ ಪೆಡಲು ತಿರುಗಿಸುತ್ತ ಹೋಗುತ್ತಿದ್ದಳು. ಬಿಸಿಲು ಚುರುಗುಟ್ಟುತ್ತಿತ್ತು, ಆಕೆಯ ಬೆನ್ನು ಬೆವರಿನಿಂದ ತೊಯ್ದಿತ್ತು. ಮುಂದೆ ಹೋಗಿ ಸ್ಕೂಟರು ಅಡ್ಡ ನಿಲ್ಲಿಸಿ, ಡಿಕ್ಕಿಯಿಂದ ಹಗ್ಗ ತೆಗೆದೆ. "ತಡಿ, ಕಟ್ಟಿ ಎಳಕೊಂಡು ಹೋಗತೀನಿ."

"ಬ್ಯಾಡ್ರಿ ಸರ್."

"ಹೇಳಿದ್ದ ಕೇಳು, ಬಿಸಲಾಗ..." ಎಂದೆ. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಈ ಹುಡುಗಿಗಾಗಿ ನೂರು ಕಿಲೋಮೀಟರು ನಡೆದಿದ್ದೇನೆ, ನಾಲ್ಕು ಹೆಜ್ಜೆ ಎಳೆಯಲು ಕೊಡಬಾರದೇ?

ಸುವರ್ಣಾ ಸೈಕಲ್ಲನ್ನು ಒಂದಿಷ್ಟು ಹೊರಳಿಸಿ, ನನ್ನ ಸ್ಕೂಟರನ್ನು ಬಳಸಿಕೊಂಡು ಮುಂದೆ ಹೋದಳು. "ಇಷ್ಟು ವರ್ಷ ಮಂದಿ ಗಾಡಿ ಮ್ಯಾಲೆ ಹೋಗೇನ್ರಿ ಸರ್. ಇನ್ನ ನಾ ನಡಕೋತ ಬರ್ತೀನಿ" ಎಂದಳು.

ರಸ್ತೆಯ ನಡುವೆ ಹಗ್ಗ ಹಿಡಿದು ನಿಂತೆ. ಸಿಟ್ಟು ಇನ್ನೂ ಇತ್ತು. ಯಾರ ಮೇಲೆ ತೀರಿಸಿಕೊಳ್ಳಲಿ ಎಂದು ಸುತ್ತ ನೋಡಿದೆ. ಆ ಏರಿನಲ್ಲಿ ನಾನೊಬ್ಬನೇ ಇದ್ದೆ.