ತೊಟ್ಟಿಗೊಂದು ನೆಲ

ನನ್ನ ಭಾವನನ್ನು ದಯವಿಟ್ಟು ಊಟಕ್ಕೆ ಕರೆಯಬೇಡಿ. ಕರೆದರೆ ನಿಮ್ಮ ಮನೆಯ ನೆಲದ ಮಾನ ಉಳಿಯುವುದಿಲ್ಲ!

ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ನೆಂಟರೊಬ್ಬರ ಮಗುವಿಗೆ ನಾಮಕರಣ. ಎಲೆಗೆ ಸಾರು ಬಿತ್ತು. ಎಲ್ಲರೂ ಅನ್ನ ಕಲಸಿದರೆ ಭಾವ ಮಾತ್ರ ಸಾರು ಹರಿಯುವ ದಿಕ್ಕನ್ನೇ ನೋಡುತ್ತ ಕುಳಿತರು.

"ನಿಮ್ಮ ನಡುಮನೆ ಉತ್ತರಕ್ಕೆ ಅರ್ಧ ಬೆರಳು ತಗ್ಗು ಕಣ್ರೀ!"

ಪಾಯಸದ ಪಾತ್ರೆ ಹಿಡಿದಿದ್ದ ಯಜಮಾನರ ಮುಖ ಹೇಗಾಗಿರಬೇಡ?

ಭಾವನ ತಲೆಯೊಳಗೆ ಈ ನೆಲದ ಮಟ್ಟದ ಹುಚ್ಚು ಹೊಕ್ಕಿದ್ದು ಸುಮ್ಮನೆ ಅಲ್ಲ. ನನ್ನ ಅಕ್ಕನಿಗೆ ಜ್ವರ ಬಂದು ಬಲಗಾಲು ಸೋತುಹೋಗಿತ್ತು. ದಿನಾ ಎದೆಮಟ್ಟ ನೀರಿನಲ್ಲಿ ನಿಲ್ಲಿಸಿದರೆ ಬಲ ಬರಬಹುದೆಂದರು ಡಾಕ್ಟರು. ತುಂಗೆಯಲ್ಲಿ ಈಜಿ ಬೆಳೆದವಳಿಗೆ ಈಗ ಹೊಳೆಯ ಮೆಟ್ಟಿಲು ಇಳಿಯುವುದೂ ಆಗದು. ಭದ್ರಾವತಿಯ ಕಾರ್ಖಾನೆಯಲ್ಲಿದ್ದ ಭಾವ ಹರಾಜಿನಲ್ಲಿ ಹಳೆಯ ಕಬ್ಬಿಣದ ದುಂಡು ತೊಟ್ಟಿ ಹಿಡಿದು, ಎತ್ತಿನ ಗಾಡಿಯಲ್ಲಿ ಜನ್ನಾಪುರದ ಮನೆಗೆ ತಂದೇಬಿಟ್ಟರು.

ಮೊದಲ ಸಲ ಹಿತ್ತಲ ಹುಲ್ಲಿನ ಮೇಲೆಯೇ ಇಟ್ಟು ನೀರು ತುಂಬಿಸಿದರು. ಬೆಳಗಾಗುವಷ್ಟರಲ್ಲಿ ಒಂದು ಕಡೆ ನೀರು ಅಂಚು ದಾಟುತ್ತಿದೆ, ಇನ್ನೊಂದು ಕಡೆ ಗೇಣು ಕೆಳಗಿದೆ! ಪಕ್ಕದ ಮನೆಯ ತಮಿಳರು ಬೇಲಿಯಿಂದ ಇಣುಕಿ, "ಎನ್ನ ಸಾರ್, ತೊಟ್ಟಿ ನಿಮಗೆ ನಮಸ್ಕಾರ ಮಾಡ್ತಾ ಇದೆ!" ಎಂದರು.

ತಗ್ಗಿಗೆ ಮಣ್ಣು ತುಂಬಿದರು. ವಾರದಲ್ಲಿ ಅದೂ ಕುಸಿಯಿತು. ಅಗೆದು ನೋಡಿದರೆ ಕೆಳಗೆ ಹಳೆಯ ಗೊಬ್ಬರದ ಗುಂಡಿ!

"ಬಿಟ್ಟುಬಿಡಿ ಭಾವ," ಎಂದೆ.

"ಬಿಡೋದಾ? ನೆಲ ಒಂದು ಬೆರಳು ವಾಲಿದ್ರೂ ನಿಮ್ಮಕ್ಕ ಜಾರ್ತಾಳೆ, ಮೇಷ್ಟ್ರೇ. ತಗ್ಗು ತುಂಬಿದ್ದೇ ತಪ್ಪು. ಉಬ್ಬನ್ನ ಕೆತ್ತಬೇಕು!"

ಕೆತ್ತಿದರು. ತುಳಸಿಕಟ್ಟೆಯೊಂದನ್ನು ಬಿಟ್ಟು ಹಿತ್ತಲನ್ನೆಲ್ಲ ಕೆತ್ತಿ ಗಟ್ಟಿ ನೆಲ ಮುಟ್ಟಿದರು. ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸಿ ಉಳಿದ ಕಿಟ್ಟ ತಂದು ಪದರ ಪದರವಾಗಿ ಹಾಸಿದರು. ಕುಟ್ಟಲು ಆಳು? ಬಂದ ನೆಂಟರೇ ಆಳು!

"ಕಾಫಿ ಬೇಕಾದ್ರೆ ಮೊದಲು ಹತ್ತು ಸುತ್ತು ತುಳೀರಿ."

ದಪ್ಪಗಿದ್ದವರಿಗೆ ಎರಡು ಲೋಟ! ಸತ್ಯನಾರಾಯಣ ಪೂಜೆಗೆ ಬಂದ ಪುರೋಹಿತರು ಮಡಿಪಂಚೆ ಎತ್ತಿ ಹಿಡಿದು, ಮಂತ್ರ ಹೇಳುತ್ತಲೇ ತುಳಿದರು. ನಾನು ಪ್ರತಿ ಭಾನುವಾರ ಶಿವಮೊಗ್ಗದಿಂದ ಬಸ್ಸು ಹತ್ತಿ ಹೋಗಿ ತುಳಿದು, ಊರಿಗೆ ಬಂದು ಈ ಕಥೆ ಹೇಳಿ ನಗಿಸುತ್ತಿದ್ದೆ.

ಮೇಲೆ ಜರಡಿ ಹಿಡಿದ ಮರಳು ಹಾಸಿ, ರಸಮಟ್ಟ ಇಟ್ಟು ಅದರ ಗುಳ್ಳೆ ನಟ್ಟನಡುವೆ ನಿಲ್ಲುವುದನ್ನು ನೋಡಿ, ಕಡೆಗೊಂದು ಭಾನುವಾರ ತೊಟ್ಟಿ ಕೂರಿಸಿದರು. ತುಂಬಿದ ನೀರು ಸುತ್ತಲೂ ಅಂಚಿನಿಂದ ನಾಲ್ಕೇ ಬೆರಳು ಕೆಳಗೆ ನಿಂತಿತು. ಮುಂದಿನ ಭಾನುವಾರದವರೆಗೂ ಕಾದರು. ಅಲುಗಲಿಲ್ಲ.

ಭಾವ ಮೊದಲು ತಾವೇ ತೊಟ್ಟಿಗಿಳಿದರು. ಅಕ್ಕನನ್ನು ನಾನು ಪಕ್ಕಕ್ಕೆ ಹಾಕಿದ್ದ ಬೆಂಚಿನ ಮೇಲೆ ನಿಂತು ಎತ್ತಿ ಇಳಿಸಿದೆ. ಅವಳು ಅವರ ಎರಡೂ ಕೈ ಹಿಡಿದು ನಿಂತಳು.

"ಇನ್ನು ಕೈ ಬಿಡ್ರೀ."

"ಬೇಡ ಮಾರಾಯ್ತಿ, ಬಿದ್ದುಹೋಗ್ತೀಯ."

"ಇಷ್ಟು ಕಷ್ಟಪಟ್ಟು ನೆಲ ಮಾಡಿದೀರಿ. ನಿಮಗೇ ನಂಬಿಕೆ ಇಲ್ವಾ?"

ಭಾವ ಒಂದೊಂದೇ ಬೆರಳು ಸಡಿಲಿಸಿ ಕೈ ಬಿಟ್ಟರು. ಅಕ್ಕ ನಿಂತಳು. ನಡುಗುತ್ತ ಒಂದು ಹೆಜ್ಜೆ ಇಟ್ಟಳು.

ಭಾವ ತೊಟ್ಟಿಯ ಅಂಚು ಹಿಡಿದು ಜೋರಾಗಿ ಅತ್ತುಬಿಟ್ಟರು. ಅಷ್ಟು ದಿನ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು, ನನ್ನ ಕಣ್ಣೂ ತುಂಬಿತು. ನಮ್ಮಿಬ್ಬರ ಕಡೆ ತಿರುಗಿಯೂ ನೋಡದೆ ಅಕ್ಕ ಇನ್ನೊಂದು ಹೆಜ್ಜೆ ಇಟ್ಟಳು.